ಮಾಲಿಕರ ‘ಸ್ವಂತ ಅಗತ್ಯ’ ಮತ್ತು ಮೇಲಿನ ಕೋರ್ಟಿನ ಎಲ್ಲೆ

(ಬಾಡಿಗೆದಾರರ ಸಭೆಯಲ್ಲಿ ಮಾಡಿದ ಭಾಷಣ)



ಮನೆ ಬಿಡಿ ಎಂಬ ನೋಟೀಸು ಬಂದ ಕೂಡಲೇ ನಮ್ಮವರು ಆಡುವ ಮಾತು ಒಂದೇ: “ಇಲ್ಲಿ ಸೋತರೇನು, ಹೈಕೋರ್ಟು ಇದೆಯಲ್ಲ!” ಈ ಭರವಸೆ ಎಷ್ಟು ಗಟ್ಟಿ ಎಂಬುದನ್ನು ಇಂದು ವಿಚಾರ ಮಾಡೋಣ.

ಮಾಲಿಕರು ತಮ್ಮ ವಾಸಕ್ಕೆ ಮನೆ ಕೇಳುವುದೇ ಅನ್ಯಾಯವೆಂದು ನಾನು ಹೇಳುವುದಿಲ್ಲ. ಮದುವೆಯಾದ ಮಗನಿಗೆ ಎರಡು ಕೋಣೆ ಬೇಕೆನ್ನುವ ವಿಧವೆ ತಾಯಿಯೂ ಮಾಲಿಕಳೇ. ಅಗತ್ಯ ನಿಜವೋ, ಹೆಚ್ಚು ಬಾಡಿಗೆಗೆ ಬೇರೆಯವರನ್ನು ತರಲು ಹೂಡಿದ ನೆಪವೋ ಎಂಬುದೇ ಪ್ರಶ್ನೆ.

1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆಯ 21ನೆಯ ಕಲಮು ಮಾಲಿಕರ ಅಗತ್ಯ ನ್ಯಾಯವಾಗಿಯೂ ಪ್ರಾಮಾಣಿಕವಾಗಿಯೂ ಇರಬೇಕೆಂದಿತ್ತು. ಅಷ್ಟೇ ಅಲ್ಲ, ಒಂದು ತಕ್ಕಡಿಯನ್ನೂ ಇಟ್ಟಿತ್ತು. ಬಿಡಿಸಿದರೆ ಆಗುವ ಕಷ್ಟ ಹೆಚ್ಚೋ, ಬಿಡಿಸದಿದ್ದರೆ ಆಗುವ ಕಷ್ಟ ಹೆಚ್ಚೋ ಎಂದು ಕೋರ್ಟು ತೂಗಬೇಕು. ಬಿಡಿಸುವುದರಿಂದಲೇ ಹೆಚ್ಚು ಕಷ್ಟವಾಗುವುದಾದರೆ ಡಿಕ್ರಿ ಕೊಡಕೂಡದು.

ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಅದರ 27ನೆಯ ಕಲಮಿನಲ್ಲಿ ಆ ತಕ್ಕಡಿ ಇಲ್ಲ. ತನಗಾಗಿಯೋ ತನ್ನನ್ನು ಅವಲಂಬಿಸಿದ ಕುಟುಂಬದವರಿಗಾಗಿಯೋ ಮನೆ ಬೇಕೆಂದು ಮಾಲಿಕರು ಪ್ರಮಾಣಪತ್ರ ಸಲ್ಲಿಸಿದರೆ, ಅಗತ್ಯ ಇದೆಯೆಂದೇ ಕೋರ್ಟು ಭಾವಿಸಬೇಕು. ಅದು ಸುಳ್ಳೆಂದು ತೋರಿಸುವ ಹೊರೆ ನಮ್ಮ ತಲೆಯ ಮೇಲೆ.

ವರ್ತಕ ಮಿತ್ರರು ಇನ್ನೊಂದು ಮಾತು ತಿಳಿದಿರಬೇಕು. 14 ಚದರ ಮೀಟರು, ಅಂದರೆ ಸುಮಾರು 150 ಚದರ ಅಡಿ, ಮೀರಿದ ಅಂಗಡಿಗೆ ಈ ಕಾಯಿದೆಯ ರಕ್ಷಣೆಯೇ ಇಲ್ಲ. ಕರಾರುಪತ್ರವಿಲ್ಲದೆ ತಿಂಗಳ ಬಾಡಿಗೆಗೆ ಇದ್ದರೆ, 15 ದಿನದ ನೋಟೀಸು ಕೊಟ್ಟು ಸಿವಿಲ್ ದಾವೆ ಹೂಡಬಹುದು. ಅಲ್ಲಿ ಅಗತ್ಯದ ಪ್ರಶ್ನೆಯೇ ಏಳುವುದಿಲ್ಲ. ಆದ್ದರಿಂದ ಅವಧಿ ನಮೂದಿಸಿದ ಕರಾರನ್ನು ನೋಂದಾಯಿಸಿಕೊಳ್ಳಿ.

ಇನ್ನು ಮೇಲಿನ ಕೋರ್ಟಿನ ವಿಷಯ. ಬಾಡಿಗೆ ಕಾಯಿದೆಯಡಿ ಅಲ್ಲಿಗೆ ಹೋಗುವುದು ರಿವಿಜನ್, ಅದು ಅಪೀಲಲ್ಲ. 2014ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ದಿಲ್‌ಬಹಾರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಹರಿಯಾಣ, ಕೇರಳ, ತಮಿಳುನಾಡುಗಳ ಬಾಡಿಗೆ ಕಾಯಿದೆಗಳನ್ನು ಪರಿಶೀಲಿಸಿ ಎಲ್ಲೆ ಹಾಕಿತು. ರಿವಿಜನ್‌ನಲ್ಲಿ ಸಾಕ್ಷ್ಯವನ್ನು ಮೊದಲಿನಿಂದ ತೂಗಿ ಬೇರೆ ತೀರ್ಮಾನಕ್ಕೆ ಬರುವಂತಿಲ್ಲ. ಸಾಕ್ಷ್ಯವೇ ಇಲ್ಲದೆ ತೀರ್ಪಿತ್ತಿದ್ದರೆ, ಸಾಕ್ಷ್ಯವನ್ನು ತಪ್ಪಾಗಿ ಓದಿದ್ದರೆ, ಘೋರ ಅನ್ಯಾಯವಾಗುವಷ್ಟು ತಪ್ಪಾಗಿದ್ದರೆ ಮಾತ್ರ ತಿದ್ದಬಹುದು.

ಹೀಗಿರುವಾಗ ನಮ್ಮ ಹೋರಾಟ ಮೊದಲ ಕೋರ್ಟಿನಲ್ಲೇ ನಡೆಯಬೇಕು. 1999ರ ಶಿವಸರೂಪ ಗುಪ್ತ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ: ಅಗತ್ಯ ಪ್ರಾಮಾಣಿಕವಾಗಿರಬೇಕು, ಬರಿಯ ಆಸೆ ಸಾಲದು. ಮಾಲಿಕರಿಗೆ ಬೇರೆ ಮನೆ ಖಾಲಿ ಇದೆಯೇ? ಪುರಸಭೆಯ ಖಾತೆ ನಕಲು ತೆಗೆಸಿ. ಬಾಡಿಗೆ ಏರಿಸೆಂದು ಕಾಗದ ಬರೆದಿದ್ದರೇ? ಜೋಪಾನವಾಗಿಡಿ. ಕಳೆದ ವರ್ಷ ಪಕ್ಕದ ಮನೆಯನ್ನು ಹೊಸಬರಿಗೆ ಕೊಟ್ಟರೇ? ಸಾಕ್ಷಿ ಹಾಕಿಸಿ. ರಸೀದಿ ಕೊಡದಿದ್ದರೆ ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಕಳುಹಿಸಿ. ದಾವೆ ನಡೆಯುವಾಗ ಗೈರುಹಾಜರಾಗಿ, ಆಮೇಲೆ ಸಾಲ ಮಾಡಿ ಬೆಂಗಳೂರಿಗೋ ಧಾರವಾಡಕ್ಕೋ ಓಡಿದರೆ ಫಲವಿಲ್ಲ.

ಕೊನೆಯ ಮಾತು. ಕಾಯಿದೆಯಿಂದ ತೆಗೆದ ತಕ್ಕಡಿಯನ್ನು ನ್ಯಾಯಾಧೀಶರು ಮತ್ತೆ ತಂದಿಡಲಾರರು. ಅದು ಶಾಸನಸಭೆಯ ಕೆಲಸ. ಬೀದಿಗೆ ಬೀಳುವವನ ಕಷ್ಟವನ್ನೂ ತೂಗಿರಿ ಎಂಬ ಒಂದು ವಾಕ್ಯ ಕಾಯಿದೆಗೆ ಮರಳಿ ಬರಬೇಕು. ಮತ ಕೇಳಲು ಬರುವ ಪ್ರತಿಯೊಬ್ಬರನ್ನೂ, ನಮ್ಮ ಪಕ್ಷದವರನ್ನೂ ಬಿಡದೆ, ಇದನ್ನು ಕೇಳಿರಿ. ಅಲ್ಲಿಯವರೆಗೆ ಮೊದಲ ಕೋರ್ಟಿನ ಒಂದು ವಾಯಿದೆಯನ್ನೂ ತಪ್ಪಿಸಬೇಡಿ.