ಮನೆಯಲ್ಲೇ ಹೊಲಿಯುವ ತೂಕದ ರಗ್ಗು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತಾಡಿ, ಮಕ್ಕಳಿಗೆ ಸ್ಫೂರ್ತಿಯಾಗಲಿ ಎಂದು ಸಮಿತಿಯವರು ಹೇಳಿದರು. ಬಿ.ಇ. ಓದಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತವರು ನಮ್ಮ ಕಡೆ ಈಗ ಬೀದಿಗೊಬ್ಬರು ಸಿಗುತ್ತಾರೆ. ಅದರ ಬಗ್ಗೆ ಹೇಳಲು ಬೇರೆಯವರಿದ್ದಾರೆ. ನಾನು ನಮ್ಮ ಅಕ್ಕನ ಕೆಲಸದ ಬಗ್ಗೆ ಹೇಳುತ್ತೇನೆ. ಅವಳೂ ಇದೇ ಶಾಲೆಯ ವಿದ್ಯಾರ್ಥಿನಿ, ನನಗಿಂತ ಮೂರು ವರ್ಷ ಮುಂದೆ ಇದ್ದವಳು. ವೇದಿಕೆಗೆ ನೀನೇ ಬಾ ಎಂದರೆ ಒಪ್ಪಲಿಲ್ಲ. "ನೀನೇ ಹೇಳ್ಬುಡು, ಲೆಕ್ಕ ಮಾತ್ರ ಸರಿಯಾಗಿ ಹೇಳು" ಎಂದಳು. ಅಗೋ, ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದಾಳೆ.

ಅಕ್ಕನನ್ನು ಊರಲ್ಲೇ ಕೊಟ್ಟಿದ್ದೇವೆ. ಎಸ್ಸೆಸ್ಸೆಲ್ಸಿ ಮುಗಿಸಿ ಆರು ವರ್ಷ ಗಾರ್ಮೆಂಟ್ಸ್‌ಗೆ ಹೋದಳು. ಬೆಳಿಗ್ಗೆ ಫ್ಯಾಕ್ಟರಿ ಗಾಡಿ ಹತ್ತಿ ಸಂಜೆ ಇಳಿಯುತ್ತಿದ್ದ ಹೆಣ್ಣುಮಕ್ಕಳಲ್ಲಿ ಅವಳೂ ಒಬ್ಬಳು. ಆಮೇಲೆ ಮಗ ಹುಟ್ಟಿದ. ಮೂರು ವರ್ಷವಾದರೂ ಮಾತು ಬರಲಿಲ್ಲ, ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಮಿಕ್ಸಿ ಶಬ್ದಕ್ಕೆ ಕಿವಿ ಮುಚ್ಚಿಕೊಂಡು ಓಡುತ್ತಿದ್ದ. ಗಂಡುಮಕ್ಕಳಿಗೆ ಮಾತು ತಡ ಕಣವ್ವ ಎಂದು ಹೇಳಿದವರು ಬಹಳ. ಅಂತ್ರ ಕಟ್ಟಿಸಿ ಎಂದವರೂ ಇದ್ದರು, ಕಟ್ಟಿಸಿಯೂ ಆಯಿತು. ಕೊನೆಗೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋದಾಗ ಆಟಿಸಂ ಎಂದು ಗೊತ್ತಾಯಿತು. ನಮ್ಮೂರಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲಿ ಅಂಥ ಸಂಸ್ಥೆ ಇದೆ. ಅಲ್ಲಿ ತಾಯಿಯನ್ನೂ ಮಗುವಿನ ಜೊತೆ ಕೂರಿಸಿ ಕಲಿಸುತ್ತಾರೆ. ಇದು ಇನ್ನೂ ಎಷ್ಟೋ ಮನೆಗಳಿಗೆ ಗೊತ್ತಿಲ್ಲ, ಅದಕ್ಕೇ ಹೆಸರು ಹಿಡಿದು ಹೇಳುತ್ತಿದ್ದೇನೆ.

ನನ್ನ ಅಳಿಯನ ದೊಡ್ಡ ತೊಂದರೆ ರಾತ್ರಿಯದು. ಹನ್ನೆರಡಾದರೂ ಮಲಗುತ್ತಿರಲಿಲ್ಲ. ಮಂಚದ ಸಂದಿಗೆ, ಬೀರುವಿನ ಹಿಂದಕ್ಕೆ ಹೋಗಿ ಮೈ ಒತ್ತಿಕೊಂಡು ಕೂರುತ್ತಿದ್ದ. ನಮ್ಮಜ್ಜಿಯ ಕಾಲದ ಕರಿ ಕಂಬಳಿ ಎರಡು ಮಡಿಕೆ ಮಾಡಿ ಹೊದಿಸಿದರೆ ಮಾತ್ರ ಸ್ವಲ್ಪ ಸುಮ್ಮನಾಗುತ್ತಿದ್ದ, ಆದರೆ ಉಣ್ಣೆ ಚುಚ್ಚುತ್ತದೆ ಎಂದು ಅರ್ಧ ಗಂಟೆಗೆ ಕಿತ್ತೆಸೆಯುತ್ತಿದ್ದ. ಇಂಥ ಕೆಲವು ಮಕ್ಕಳಿಗೆ ಮೈಮೇಲೆ ಹದವಾದ ಭಾರ ಹಿತ ಕೊಡುತ್ತದೆ, ಅದಕ್ಕೆಂದೇ ತೂಕ ತುಂಬಿದ ಹೊದಿಕೆಗಳಿವೆ ಎಂದು ಥೆರಪಿ ಹೇಳಿಕೊಡುತ್ತಿದ್ದ ಮೇಡಂ ಒಬ್ಬರು ತಿಳಿಸಿದರು. ಹೊರದೇಶದ್ದರ ಬೆಲೆ ಕೇಳಿದ ಮೇಲೆ ಅಕ್ಕ ಆಡಿದ್ದು ಒಂದೇ ಮಾತು: "ಹೊಲಿಗೆ ತಾನೆ?"

ಈ ಭಾರದ ವಿಷಯ ನಮ್ಮ ದನ ಕಟ್ಟುವ ಜನಕ್ಕೆ ಬೇಗ ಅರ್ಥವಾಗುತ್ತದೆ. ಪಶು ಆಸ್ಪತ್ರೆ ಮುಂದೆ ಕಂಬ ನೆಟ್ಟು ಮಾಡಿದ ಚೌಕಟ್ಟು ನೋಡಿದ್ದೀರಿ. ಸೂಜಿ ಹಾಕಿಸಲು ದನವನ್ನು ಅದರೊಳಗೆ ನಿಲ್ಲಿಸುತ್ತಾರೆ. ಅಮೆರಿಕದಲ್ಲಿ ಟೆಂಪಲ್ ಗ್ರ್ಯಾಂಡಿನ್ ಎಂಬ ಹೆಣ್ಣುಮಗಳು, ಸ್ವತಃ ಆಟಿಸಂ ಇದ್ದವರು, ಚಿಕ್ಕಮ್ಮನ ದನದ ಫಾರಂನಲ್ಲಿ ಇಂಥದೇ ಚೌಕಟ್ಟು ನೋಡಿದರು. ಎರಡೂ ಕಡೆಯಿಂದ ಹಲಗೆ ಒತ್ತಿದಾಗ ಕೆಲವು ದನಗಳು ಗಾಬರಿ ಬಿಟ್ಟು ಶಾಂತವಾಗುವುದನ್ನು ಗಮನಿಸಿ, ತಮಗೇ ಅಂಥ ಒಂದು ಯಂತ್ರ ಮಾಡಿಕೊಂಡರು. ಆಗ ಅವರಿನ್ನೂ ಓದುವ ಹುಡುಗಿ. ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕರಾದರು, ಈ ಒತ್ತಡದ ಬಗ್ಗೆ 1992ರಲ್ಲಿ ಪ್ರಬಂಧವನ್ನೂ ಬರೆದರು. ತೂಕದ ರಗ್ಗಿನ ಹಿಂದಿರುವ ಯೋಚನೆಯೂ ಇದೇ.

ಈಗ ಲೆಕ್ಕಕ್ಕೆ ಬರೋಣ. ಮಗುವಿನ ತೂಕದ ಹತ್ತನೇ ಒಂದು ಭಾಗ ಎಂಬುದು ರೂಢಿಯ ಅಳತೆ. ಇಪ್ಪತ್ತು ಕಿಲೋ ಮಗುವಿಗೆ ಎರಡು ಕಿಲೋ ರಗ್ಗು. 36 ಅಂಗುಲ ಅಗಲ, 48 ಅಂಗುಲ ಉದ್ದ. ನಾಲ್ಕು ಅಂಗುಲಕ್ಕೊಂದು ಚೌಕ ಎಂದರೆ ಅಡ್ಡಕ್ಕೆ ಒಂಬತ್ತು, ಉದ್ದಕ್ಕೆ ಹನ್ನೆರಡು, ಒಟ್ಟು 108 ಚೌಕ. ಬಟ್ಟೆಯ ತೂಕವೇ 600 ಗ್ರಾಂ ಬಂದರೆ ತುಂಬಬೇಕಾದ್ದು 1400 ಗ್ರಾಂ, ಅಂದರೆ ಚೌಕಕ್ಕೆ 13 ಗ್ರಾಂ. ಒಂದು ಚೌಕಕ್ಕೆ 20 ಬಿದ್ದು ಪಕ್ಕದ್ದಕ್ಕೆ 6 ಬಿದ್ದರೆ ಮಗುವಿಗೆ ತಕ್ಷಣ ಗೊತ್ತಾಗುತ್ತದೆ, ಅದೇ ಜಾಗವನ್ನು ಕಿವುಚುತ್ತಾ ಕೂರುತ್ತದೆ. ಅದಕ್ಕೇ ಒಡವೆ ಅಂಗಡಿಯಲ್ಲಿ ಇಡುವಂಥ ಸಣ್ಣ ತಕ್ಕಡಿ ಬೇಕಾಯಿತು. ಈ ಇಡೀ ವ್ಯಾಪಾರದಲ್ಲಿ ನನ್ನ ಇಂಜಿನಿಯರಿಂಗ್ ಉಪಯೋಗಕ್ಕೆ ಬಂದದ್ದು ಒಂದೇ ಕಡೆ: ಮಗುವಿನ ತೂಕ, ರಗ್ಗಿನ ಅಳತೆ, ಬಟ್ಟೆಯ ತೂಕ ಹಾಕಿದರೆ ಚೌಕಕ್ಕೆ ಎಷ್ಟು ಗ್ರಾಂ ಎಂದು ಹೇಳುವ ಒಂದು ಎಕ್ಸೆಲ್ ಹಾಳೆ. ಅಕ್ಕ ಈಗ ಅದನ್ನೂ ನೋಡುವುದಿಲ್ಲ, ಬಾಯಲ್ಲೇ ಹೇಳುತ್ತಾಳೆ.

ಒಳಗೆ ತುಂಬುವುದು ಸಕ್ಕರೆ ಹರಳಿನಷ್ಟು ಸಣ್ಣ ಗಾಜಿನ ಗುಂಡುಮಣಿ. ರಾಗಿ ತುಂಬಿದರೆ ಆಗದೇ ಎಂದು ನಮ್ಮೂರಲ್ಲಿ ಕೇಳದವರಿಲ್ಲ. ರಾಗಿ ಒಗೆದರೆ ಮುಗ್ಗುತ್ತದೆ, ಒಗೆಯದಿದ್ದರೆ ಹುಳ ಬೀಳುತ್ತದೆ. ಹಾಸಿಗೆಯಲ್ಲಿ ಒಂದೆರಡು ಮಾಡಿಕೊಳ್ಳುವ ಮಕ್ಕಳಿರುತ್ತಾರೆ, ತೊಳೆಯದೆ ನಡೆಯುವುದಿಲ್ಲ. ಮರಳು ಹೊಲಿಗೆಯ ತೂತಿನಲ್ಲಿ ಧೂಳಾಗಿ ಉದುರುತ್ತದೆ. ಒಳಪದರಕ್ಕೆ ಒತ್ತಾಗಿ ನೇಯ್ದ ಪಾಪ್ಲಿನ್, ಅದನ್ನು ಮೊದಲೇ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಬಟ್ಟೆ ಮುದುರಿ ಚೌಕಗಳು ಉಬ್ಬಿಕೊಳ್ಳುತ್ತವೆ. ಮೇಲಿನ ಗವಸಿಗೆ ಕೈಮಗ್ಗದ ಹತ್ತಿ ಬಟ್ಟೆಯೇ ಚೆನ್ನ. ಸುರೇಂದ್ರ ಕೌಲಗಿಯವರು 1960ರಲ್ಲಿ ಮೇಲುಕೋಟೆಯಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದ ಸೀಮೆ ನಮ್ಮದು, ಮಗ್ಗದ ಬಟ್ಟೆ ಎಂದರೆ ಏನೆಂದು ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಹೊರದೇಶದ ರಗ್ಗಿನಲ್ಲಿರುವ ಪಾಲಿಯೆಸ್ಟರ್ ಹತ್ತಿಯನ್ನು ಅಕ್ಕ ಪೂರ್ತಿ ತೆಗೆದಳು. ಮಂಡ್ಯ ಸೀಮೆಯ ಏಪ್ರಿಲ್ ಸೆಕೆಗೆ ಅದನ್ನು ಹೊದ್ದರೆ ಮಗು ಬೆಂದುಹೋಗುತ್ತದೆ.

ಹೊಲಿಯುವ ಕ್ರಮ ಹೀಗೆ. ಎರಡು ಪದರ ಸೇರಿಸಿ ಮೂರು ಅಂಚು ಮುಚ್ಚಿ, ಉದ್ದಕ್ಕೆ ಒಂಬತ್ತು ಓಣಿ ಹೊಲಿಯಬೇಕು. ಪ್ರತಿ ಓಣಿಗೆ ಒಂದೊಂದು ಅಳತೆ ಮಣಿ ಸುರಿದು, ಕೆಳಕ್ಕೆ ಕೊಡವಿ, ಗುಂಡುಸೂಜಿ ಚುಚ್ಚಿ ತಡೆದು, ಅಡ್ಡಕ್ಕೆ ಒಂದು ಹೊಲಿಗೆ. ಮತ್ತೆ ಒಂಬತ್ತು ಅಳತೆ, ಮತ್ತೊಂದು ಅಡ್ಡ ಹೊಲಿಗೆ. ಹೀಗೆ ಹನ್ನೆರಡು ಸಲ. ಸೂಜಿಯ ಕೆಳಗೆ ಒಂದು ಮಣಿ ಸಿಕ್ಕರೂ ಸೂಜಿ ಮುರಿಯುತ್ತದೆ, ಗಾಜು ಸಿಡಿಯುತ್ತದೆ, ಆ ಸಾಲು ಬಿಚ್ಚಬೇಕು. ಸಾಲು ಏರಿದಂತೆ ಬಟ್ಟೆ ಭಾರವಾಗುತ್ತದೆ, ಮಷೀನಿನಿಂದ ಕೆಳಗೆ ಜಾರಿ ಹೊಲಿಗೆಯನ್ನು ಎಳೆಯುತ್ತದೆ. ಪಕ್ಕಕ್ಕೆ ಒಂದು ಮೇಜು ಹಾಕಿಕೊಂಡದ್ದು ಅದಕ್ಕೇ. ಗಾರ್ಮೆಂಟ್ಸ್‌ನಲ್ಲಿ ಜೂಕಿ ಮಷೀನಿನ ಮೇಲೆ ದಿನವಿಡೀ ಒಂದೇ ಕಾಲರು, ಒಂದೇ ಕಫ್ ಹೊಲಿದ ಕೈಗೆ ಈ ಓಣಿಗಳು ನೂಲು ಹಿಡಿದಂತೆ ನೇರ ಬರುತ್ತವೆ. ನಾನು ಕೂತು ನೋಡಿದ್ದೇನೆ, ನನ್ನ ಸಾಲು ಹೇಮಾವತಿ ಹೊಳೆಯ ಹಾಗೆ ಹರಿಯಿತು.

ಮೊದಲ ರಗ್ಗನ್ನು ಅಳಿಯನಿಗೆ ಹೊದಿಸಿದ ರಾತ್ರಿ ಅವನು ಏನೋ ಪವಾಡದಂತೆ ಮಲಗಿದ ಎಂದು ಹೇಳಿದರೆ ನಿಮಗೆಲ್ಲ ಖುಷಿಯಾಗುತ್ತದೆ. ಹಾಗಾಗಲಿಲ್ಲ. ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ತಾನೇ ಎಳೆದುಕೊಂಡ. ಈಗಲೂ ಕೆಲವು ರಾತ್ರಿ ಎದ್ದಿರುತ್ತಾನೆ, ಆದರೆ ಬೀರುವಿನ ಹಿಂದೆ ಹೋಗುವುದಿಲ್ಲ, ಹಾಸಿಗೆಯಲ್ಲೇ ಇರುತ್ತಾನೆ. ಇಂಗ್ಲೆಂಡಿನಲ್ಲಿ ಆಟಿಸಂ ಇರುವ 67 ಮಕ್ಕಳ ಮೇಲೆ ಮಾಡಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಗಿದೆ. ಅದರ ಪ್ರಕಾರ ತೂಕದ ಹೊದಿಕೆಯಿಂದ ನಿದ್ರೆಯ ಹೊತ್ತು ಹೆಚ್ಚಲಿಲ್ಲ. ಆದರೆ ಮಕ್ಕಳಿಗೂ ತಂದೆತಾಯಿಗಳಿಗೂ ಮಾಮೂಲಿ ಹೊದಿಕೆಗಿಂತ ಅದೇ ಹಿಡಿಸಿತು. ಸ್ವೀಡನ್ನಿನಲ್ಲಿ ಖಿನ್ನತೆ, ಆತಂಕದಂಥ ತೊಂದರೆಯಿರುವ 120 ಮಂದಿ ದೊಡ್ಡವರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ನಿದ್ರೆ ಸುಧಾರಿಸಿತ್ತು. ನಾನು ಇವೆರಡನ್ನೂ ಓದಿ ಹೇಳಿದಾಗ ಅಕ್ಕ, ಕೇಳಿದವರಿಗೆಲ್ಲ ಎರಡನ್ನೂ ಹೇಳು, ಒಂದನ್ನೇ ಹೇಳಬೇಡ ಎಂದಳು. ರಗ್ಗಿನ ಜೊತೆ ಕೊಡುವ ಚೀಟಿಯ ಮೊದಲ ಸಾಲು ಹೀಗಿದೆ: ಇದು ಔಷಧಿ ಅಲ್ಲ, ಹೊದಿಕೆ.

ಚೀಟಿಯ ಎರಡನೇ ಸಾಲು ಅದಕ್ಕಿಂತ ಮುಖ್ಯ. ಮಗು ತಾನೇ ತೆಗೆದು ಹಾಕಲು ಆಗದಷ್ಟು ಭಾರದ ರಗ್ಗು ಹೊದಿಸಬಾರದು. 2008ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಆಟಿಸಂ ಇದ್ದ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಶಾಲೆಯಲ್ಲಿ ಇಂಥ ಹೊದಿಕೆಯೊಳಗೆ ಸುತ್ತಿಟ್ಟಾಗ ಉಸಿರುಗಟ್ಟಿ ಅವನು ತೀರಿಕೊಂಡ. ಹಸುಗೂಸುಗಳ ಮೇಲೆ ತೂಕ ತುಂಬಿದ ಯಾವುದನ್ನೂ ಹಾಕಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಕ್ಕ ಐದು ವರ್ಷದೊಳಗಿನ ಮಗುವಿಗೆ ಹೊಲಿದುಕೊಡುವುದೇ ಇಲ್ಲ. ಮೂರ್ಛೆರೋಗ, ಉಬ್ಬಸ, ಹೃದಯದ ತೊಂದರೆ ಇದ್ದರೆ ಡಾಕ್ಟರು ಬರೆದುಕೊಟ್ಟರೆ ಮಾತ್ರ. ಮುಖ ಮುಚ್ಚಬಾರದು, ಸುತ್ತಬಾರದು, ಶಿಕ್ಷೆಯಾಗಿ ಅಂತೂ ಬಳಸಲೇಬಾರದು. ಇಷ್ಟು ಕೇಳಿ ಎಷ್ಟೋ ಜನ ಬೇಡ ಎಂದು ಹೋಗಿದ್ದಾರೆ. ಹೋಗಲಿ.

ಇಲ್ಲೇ ನನಗೂ ಅವಳಿಗೂ ಜಗಳ ಬಂದದ್ದು. ದೊಡ್ಡ ಊರಿನ ಅಂಗಡಿಯವರೊಬ್ಬರು ಐವತ್ತು ರಗ್ಗು ಒಟ್ಟಿಗೆ ಕೇಳಿದರು, ಎಲ್ಲವೂ ಮೂರು ಕಿಲೋ, ಒಂದೇ ಅಳತೆ, ಅವರದೇ ಲೇಬಲ್. ನಾನು ಮಾಡೋಣ ಎಂದೆ. ವರ್ಷದ ಸಂಪಾದನೆ ಮೂರು ತಿಂಗಳಿಗೆ ಬರುತ್ತಿತ್ತು. ಅಕ್ಕ ಕೇಳಿದ್ದು, ಆ ಮೂರು ಕಿಲೋ ರಗ್ಗನ್ನು ಹದಿನೈದು ಕಿಲೋ ಮಗುವಿನ ತಾಯಿ ಕೊಂಡರೆ ಅಂಗಡಿ ಹುಡುಗ ಬೇಡ ಅನ್ನುತ್ತಾನಾ ಎಂದು. ಉತ್ತರ ನನ್ನ ಹತ್ತಿರ ಇರಲಿಲ್ಲ. ಆದರೆ ಇನ್ನೂ ಮೂರು ನಾಲ್ಕು ಹೆಣ್ಣುಮಕ್ಕಳಿಗೆ ಕಲಿಸಿ, ಒಂದೊಂದು ಮಗುವಿನ ಅಳತೆಗೇ ಹೊಲಿದುಕೊಂಡು ಹೋಗಬಹುದು ಎಂಬುದು ನನ್ನ ವಾದ ಈಗಲೂ. ಊರಲ್ಲಿ ಗಾರ್ಮೆಂಟ್ಸ್ ಬಿಟ್ಟು ಮನೆಯಲ್ಲಿರುವ ಕೈಗಳು ಕಡಿಮೆಯೇನಿಲ್ಲ. ಈ ಸಭೆಯಲ್ಲಿ ಅವಳ ಎದುರಿಗೇ ಹೇಳುತ್ತಿದ್ದೇನೆ.

ಹಣದ ವಿಷಯ ಬೇಗ ಮುಗಿಸುತ್ತೇನೆ. ಒಂದು ರಗ್ಗಿಗೆ ಒಂದೂವರೆ ದಿನ. ಗಾರ್ಮೆಂಟ್ಸ್‌ನ ದಿನಗೂಲಿಯನ್ನು ಮೊದಲು ಲೆಕ್ಕಕ್ಕೆ ಬರೆದು, ಆಮೇಲೆ ಬಟ್ಟೆ, ಮಣಿ, ನೂಲು, ಕರೆಂಟು, ಮುರಿದ ಸೂಜಿ ಸೇರಿಸುತ್ತೇವೆ. ಮನೆಯಲ್ಲಿ ಕೂತು ಮಾಡುವ ಹೆಂಗಸಿಗೆ ಕೂಲಿ ಯಾಕೆ ಎನ್ನುವವರಿಗೆ ನಾವು ಮಾರುವುದಿಲ್ಲ. ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ, ದುಡ್ಡು ಕೇಳುವ ಏಜೆಂಟರನ್ನು ನಂಬಬೇಡಿ. ಸರಕಿನ ವ್ಯಾಪಾರ ರಾಜ್ಯದೊಳಗೇ ವರ್ಷಕ್ಕೆ 40 ಲಕ್ಷದೊಳಗಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಗಡಿ ದಾಟಿಸಿ ಮಾರಲು ಹೊರಟರೆ ಬೇಕಾಗುತ್ತದೆ. ಹಾಗಾಗಿ ಸದ್ಯಕ್ಕೆ ಕರ್ನಾಟಕದೊಳಗೆ ಮಾತ್ರ. ಟೈಲರಿಂಗ್ ಮಾಡುವವರಿಗೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆ 15,000 ರೂಪಾಯಿ ನೆರವು, ಅಡಮಾನವಿಲ್ಲದೆ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಶೇಕಡಾ 5ರ ಬಡ್ಡಿಗೆ ಸಾಲ ಇದೆ. ಅಷ್ಟು ಸಾಕು.

"ಏನ್ಲಾ, ಇಂಜಿನಿಯರಾಗಿ ಅಕ್ಕನ ರಗ್ಗು ಮಾರ್ತಿಯಂತಲ್ಲ" ಎಂದು ಕೇಳುವ ಹಿರಿಯರು ಇಲ್ಲೇ ಇದ್ದಾರೆ. ಅವರಿಗೆ ಉತ್ತರವಾಗಿ ಒಂದು ವಿಷಯ. ರಗ್ಗು ಕೇಳಿಕೊಂಡು ಬಂದವರಿಂದಲೇ ನಮಗೆ ಗೊತ್ತಾದದ್ದು, ಸುತ್ತಲ ಊರುಗಳಲ್ಲಿ ಇಂಥ ಮಕ್ಕಳು ಎಷ್ಟು ಮನೆಯೊಳಗೇ ಉಳಿದಿದ್ದಾರೆ ಎಂದು. ಹಬ್ಬಕ್ಕೆ ಕರೆತರುವುದಿಲ್ಲ, ಜಾತ್ರೆಗೆ ಕರೆತರುವುದಿಲ್ಲ. ಕತ್ತಲಾದ ಮೇಲೆ ಮನೆಗೆ ಬಂದು, ಯಾರಿಗೂ ಹೇಳಬೇಡವ್ವ ಎಂದು ಅಳತೆ ಕೊಟ್ಟು ಹೋದ ತಾಯಂದಿರಿದ್ದಾರೆ. ನಾವು ಓದುವಾಗ ನಮ್ಮ ತರಗತಿಯಲ್ಲಿ ಅಂಥ ಒಬ್ಬ ಹುಡುಗನೂ ಇರಲಿಲ್ಲ. ಊರಲ್ಲಿ ಇದ್ದರು, ಬೆಂಚಿನ ಮೇಲೆ ಇರಲಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ಕಾಯ್ದೆಯಲ್ಲಿರುವ 21 ವೈಕಲ್ಯಗಳಲ್ಲಿ ಅದೂ ಒಂದು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ನೆರೆಯ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕನ್ನು ಆ ಕಾಯ್ದೆ ಕೊಟ್ಟಿದೆ.

ನನ್ನ ಅಳಿಯ ಈಗ ಆರನೇ ತರಗತಿ. ಇನ್ನೆರಡು ವರ್ಷಕ್ಕೆ ಎಂಟನೇ ತರಗತಿಗೆ ಈ ಶಾಲೆಗೇ ಬರುತ್ತಾನೆ. ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ, ಗುರುಗಳಲ್ಲಿ ಅಕ್ಕನ ಪರವಾಗಿ ಕೆಲವು ಕೋರಿಕೆಗಳಿವೆ. ಅವನಿಗೆ ಗೋಡೆ ಪಕ್ಕದ ಜಾಗ ಕೊಡಿ. ಬೆಲ್ ಹೊಡೆಯುವ ಜಾಗದಿಂದ ದೂರವಿರುವ ಕೊಠಡಿಯಾದರೆ ಇನ್ನೂ ಒಳ್ಳೆಯದು. ಪ್ರಾರ್ಥನೆಯ ಸಾಲಿನಲ್ಲಿ ಕೊನೆಗೆ ನಿಲ್ಲಿಸಿ, ಮೈಕಿನ ಶಬ್ದಕ್ಕೆ ಕಿವಿ ಮುಚ್ಚಿಕೊಂಡರೆ ಗದರಬೇಡಿ. ತೊಡೆಯ ಮೇಲೆ ಇಟ್ಟುಕೊಳ್ಳುವ ಒಂದು ಕಿಲೋದ ಸಣ್ಣ ದಿಂಬು ಅವನ ಚೀಲದಲ್ಲಿ ಇರುತ್ತದೆ. ಪಾಠದ ಹೊತ್ತಿನಲ್ಲಿ ಅದನ್ನು ತೆಗೆದರೆ ಆಟದ ಸಾಮಾನು ಎಂದು ಕಿತ್ತುಕೊಳ್ಳಬೇಡಿ. ಅಂಥದೇ ಇನ್ನೆರಡು ದಿಂಬನ್ನು ಅಕ್ಕ ಹೊಲಿದು ತಂದಿದ್ದಾಳೆ, ಈ ಕಾರ್ಯಕ್ರಮ ಮುಗಿದ ಮೇಲೆ ಸ್ಟಾಫ್ ರೂಮಿಗೆ ಕೊಡುತ್ತಾಳೆ. ಈಗಲೇ ಬೇಕಾಗುವ ಮಗು ಯಾವ ತರಗತಿಯಲ್ಲಾದರೂ ಇರಬಹುದು.