ನೆರಳಿನ ಹಿತ್ತಲು

(ನಮ್ಮ ಬಳಗದ ವಾರ್ಷಿಕ ಸಭೆಯಲ್ಲಿ ಬೆಂಗಳೂರಿನ ಗೆಳೆಯರೊಬ್ಬರು ಮಾಡಿದ ಭಾಷಣ)



ಕಾಡು, ಹೊಳೆ, ಗಣಿಗಳ ಕುರಿತು ಮಾತು ನಡೆಯುವ ಈ ವೇದಿಕೆಗೆ ಬಸವನಗುಡಿಯ ಹತ್ತಡಿ ಅಗಲದ ಹಿತ್ತಲೊಂದರ ಸಂಗತಿಯನ್ನು ತಂದಿದ್ದೇನೆ. ಆ ಹಿತ್ತಲಿಗೂ ನಿಮ್ಮ ಕಾಡಿಗೂ ಇರುವ ಸಂಬಂಧ ನನಗೆ ತಿಳಿದದ್ದು ಎರಡು ತಪ್ಪುಗಳನ್ನು ಮಾಡಿದ ಮೇಲೆಯೇ.

ಬಸವನಗುಡಿಯು 1898ರ ಪ್ಲೇಗಿನ ನಂತರದ ವರ್ಷಗಳಲ್ಲಿ ಬೆಳೆದ ಬಡಾವಣೆ. ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನರಿಗೆ ಗಾಳಿ, ಬೆಳಕು ದೊರೆಯಲೆಂದು ಮನೆಯ ಸುತ್ತ ಗಿಡಮರಗಳಿಗೆ ಜಾಗ ಬಿಟ್ಟಿದ್ದರು. ಇಂದು ಹೆಂಚಿನ ಮನೆಗಳಿದ್ದಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿದೆ. ನಮ್ಮ ಹಿತ್ತಲಿನ ದಕ್ಷಿಣಕ್ಕೂ ಮೂವತ್ತಡಿ ಎತ್ತರದ ಕಟ್ಟಡವೊಂದು ಎದ್ದಿತು. ಪೂರ್ವದ ಮೂಲೆಯಲ್ಲಿ ಹಳೆಯ ಮಾವಿನ ಮರವಿದೆ. ಹಿತ್ತಲು ಕತ್ತಲಾಯಿತು, ಗುಲಾಬಿ, ಸೇವಂತಿಗೆಗಳು ಸೊರಗಿ ಸತ್ತವು.

ಮರವನ್ನು ಕಡಿಸಿಬಿಡಿ ಎಂದವರಿದ್ದರು. ನನ್ನ ಮನಸ್ಸು ಒಪ್ಪಲಿಲ್ಲ. ಬದಲಿಗೆ ಊರಿಗೆ ಹೋದಾಗ ಕಾಡಿನಂಚಿನ ಮರದಿಂದ ಹೂಬಿಟ್ಟ ಸೀತಾಳೆ ದಂಡೆಯನ್ನು ಕಿತ್ತು, ಒಂದು ಚೀಲ ಜರಿಗಿಡ ಮತ್ತು ಪಾಚಿಯ ಜೊತೆ ಬಸ್ಸಿನಲ್ಲಿ ತಂದೆ. ಬೆಂಗಳೂರಿನ ಒಣ ಮಾರ್ಚಿಯಲ್ಲಿ ಪಾಚಿ ಹುಡಿಯಾಯಿತು. ಸೀತಾಳೆ ಎರಡನೆಯ ಬೇಸಿಗೆಯನ್ನು ಕಾಣಲಿಲ್ಲ. ಸೀತಾಳೆಯ ಬೀಜ ಧೂಳಿನಷ್ಟು ಸಣ್ಣದು. ಅದರೊಳಗೆ ಮೊಳಕೆಗೆ ಬೇಕಾದ ಆಹಾರದ ದಾಸ್ತಾನಿಲ್ಲ. ತಕ್ಕ ಶಿಲೀಂಧ್ರವೊಂದು ಜೊತೆಗೂಡಿದರೆ ಮಾತ್ರ ಕಾಡಿನಲ್ಲಿ ಅದು ಗಿಡವಾಗುತ್ತದೆ, ಹೂಬಿಡಲು ವರ್ಷಗಳೇ ಬೇಕು. ಅಷ್ಟು ಕಾಲದ ಬಾಳನ್ನು ನಾನು ಒಂದೂವರೆ ವರ್ಷದಲ್ಲಿ ಮುಗಿಸಿದ್ದೆ.

ಎರಡನೆಯ ತಪ್ಪು ಸಸಿ ಮಾರುವ ಕಡೆ ಆಯಿತು. ನೆರಳಿದ್ದರೂ ಹಬ್ಬುತ್ತದೆ, ಹಳದಿ ಹೂ ಬಿಡುತ್ತದೆ, ಬೆಲೆಯೂ ಕಡಿಮೆ ಎಂದು ವೆಡೀಲಿಯಾ ಕೊಟ್ಟರು. ಆರು ತಿಂಗಳಲ್ಲಿ ನೆಲವನ್ನೆಲ್ಲ ಮುಚ್ಚಿತು, ನನಗೂ ಸಂತೋಷವಾಯಿತು. ಮುಂದಿನ ಮಳೆಗಾಲಕ್ಕೆ ಊರಿಗೆ ಬಂದಾಗ ಅಡಿಕೆ ತೋಟದ ಕಾಲುವೆಯ ಬದಿಯಲ್ಲಿ ಅದೇ ಹಳದಿ ಹೂವು ನಗುತ್ತಿತ್ತು! ಯಾರು ತಂದರೋ ತಿಳಿಯದು. ಗಿಣ್ಣು ತಾಗಿದಲ್ಲೆಲ್ಲ ಬೇರಿಳಿಸುವ ಈ ಗಿಡ, ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅದೇ ಪಟ್ಟಿಯಲ್ಲಿ ಲಂಟಾನವೂ ಇದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಚೆಂದಕ್ಕೆಂದು ತಂದ ಆ ಹೂಗಿಡ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಏನು ಮಾಡಿದೆಯೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ವೆಡೀಲಿಯಾವನ್ನು ಅಗೆದು, ಬಿಸಿಲಿಗೆ ಒಣಗಿಸಿ ಮುಗಿಸಲು ನನಗೆ ಎರಡು ವರ್ಷ ಹಿಡಿಯಿತು.

ಅನಂತರವೇ ನಾನು ಗಿಡ ತರುವುದನ್ನು ನಿಲ್ಲಿಸಿ ಬೆಳಕನ್ನು ನೋಡಲು ಕುಳಿತದ್ದು. ಸೀಮೆಸುಣ್ಣ ಹಿಡಿದು ಗಂಟೆಗೊಮ್ಮೆ ನೆರಳಿನ ಅಂಚನ್ನು ಗುರುತಿಸಿದೆ. ಡಿಸೆಂಬರಿನಲ್ಲಿ ಒಂದು ದಿನ, ಮೇ ತಿಂಗಳಲ್ಲಿ ಒಂದು ದಿನ. ವಿದ್ಯಾರ್ಥಿಗಳು ಇದನ್ನು ತಮ್ಮ ಶಾಲೆಯ ಅಂಗಳದಲ್ಲಿಯೇ ಮಾಡಬಹುದು. ಡಿಸೆಂಬರಿನ ನಡುಹಗಲಲ್ಲಿ ಮೂವತ್ತಡಿಯ ಕಟ್ಟಡದ ನೆರಳು ಉತ್ತರಕ್ಕೆ ಸುಮಾರು 22 ಅಡಿ ಚಾಚುತ್ತದೆ. ಹಿತ್ತಲು ಪೂರ್ತಿ ಮುಳುಗುತ್ತದೆ. ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಬೆಂಗಳೂರಿನ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಆಗ ಅದೇ ನೆಲಕ್ಕೆ ನೇರ ಬಿಸಿಲು ಬೀಳುತ್ತದೆ. ನಾನು ಕತ್ತಲೆಯೆಂದು ಶಪಿಸಿದ ಜಾಗಕ್ಕೆ ವರ್ಷದಲ್ಲಿ ನಾಲ್ಕು ತಿಂಗಳ ಬಿಸಿಲಿತ್ತು, ನೋಡಿರಲಿಲ್ಲ ಅಷ್ಟೆ.

ಉಳಿದದ್ದು ಸುಲಭದ ಕೆಲಸ. ನಮ್ಮ ಗೋಡೆಗೆ, ಕಾಂಪೌಂಡಿನ ಒಳಮೈಗೆ ಸುಣ್ಣ ಬಳಿದೆವು. ಬಿಳಿ ಗೋಡೆ ಹಿಂದಕ್ಕೆ ಎಸೆಯುವ ಬೆಳಕು ಗಿಡಕ್ಕೂ ಸಾಲುತ್ತದೆ, ಕಣ್ಣಿಗೂ ಸಾಲುತ್ತದೆ. (ಬಳಿಯುವಾಗ ಬುಡಕ್ಕೆ ಹಳೆಯ ಗೋಣಿ ಹಾಸಿರಿ, ಸುಣ್ಣದ ನೀರು ಬಿದ್ದ ಮಣ್ಣು ಗಿಡಕ್ಕೆ ಆಗದು.) ಮಾವಿನ ಕೆಳಗಿನ ಎರಡು ಕೊಂಬೆಗಳನ್ನಷ್ಟೇ ತೆಗೆಸಿದೆವು. ಅದರ ಬುಡದಲ್ಲಿ ಅಗೆಯಲಿಲ್ಲ. ಬೇರುಗಳ ನಡುವೆ ಸಣ್ಣ ಗಿಡ ಗೆಲ್ಲಲಾರದು. ಅಲ್ಲಿ ಎಣ್ಣೆ ಡಬ್ಬ, ಒಡೆದ ಕೊಡಗಳನ್ನಿಟ್ಟು ಮಾವಿನದೇ ತರಗೆಲೆಯ ಗೊಬ್ಬರ ತುಂಬಿದೆವು.

ಗಿಡಗಳೆಲ್ಲ ಬಂದದ್ದು ನೆರೆಹೊರೆಯ ಹಿತ್ತಲುಗಳಿಂದ. ಗೋಡೆಗೆ ವೀಳ್ಯದ ಬಳ್ಳಿ, ಬಚ್ಚಲ ನೀರು ಹರಿಯುವಲ್ಲಿ ಒಂದೆಲಗ ಮತ್ತು ಸುರುಳಿ ಸುಗಂಧಿ, ಅರೆನೆರಳಿನಲ್ಲಿ ಅರಿಶಿನ ಮತ್ತು ಕನಕಾಂಬರ. ಕೋಲಿಯಸ್ಸಿನ ತುಂಡನ್ನು ಲೋಟದ ನೀರಿನಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಬೇರು ಬರುತ್ತದೆ. ಕತ್ತಲ ಮೂಲೆಯಲ್ಲಿ ಹೂವಿಗಿಂತ ತಿಳಿಬಣ್ಣದ ಎಲೆ ಹೆಚ್ಚು ಬೆಳಗುತ್ತದೆ. ಅಲ್ಲಿಗೆ ಬಿಳಿ ಮಚ್ಚೆಯ ಬಣ್ಣದ ಕೆಸುವನ್ನಿಟ್ಟೆವು. ಪತ್ರೊಡೆಯ ಕೆಸುವೆಂದು ಯಾರೂ ಅದನ್ನು ಕೊಯ್ಯಬಾರದು, ಅದು ವಿಷ. ಜೂನ್‌ನಲ್ಲಿ ಬಿತ್ತಿದ ಕರ್ಣಕುಂಡಲ ಆಗಸ್ಟಿನ ಹೊತ್ತಿಗೆ ಹೂಬಿಟ್ಟಿತು. ಸುಣ್ಣ, ಕುಂಚ, ಕೂಲಿ ಸೇರಿ ಸಾವಿರ ರೂಪಾಯಿಯೂ ತಗಲಲಿಲ್ಲ.

ಎರಡು ವಿನಂತಿಗಳಿವೆ. ಪೇಟೆಯಿಂದ ನಿಮ್ಮೂರಿಗೆ ಹೊಸ ಹೂಗಿಡ ತರುವ ಮುನ್ನ ಅದು ತಾನಾಗಿ ಹಬ್ಬುವ ಜಾತಿಯೇ ಎಂದು ವಿಚಾರಿಸಿರಿ. ನನ್ನಂಥವರು ಚೀಲ ಹಿಡಿದು ಕಾಡಿನಂಚಿಗೆ ಬಂದರೆ, ನೆಂಟರಾದರೂ ಸರಿ, ತಡೆಯಿರಿ. ಬೇಕಾದರೆ ನಿಮ್ಮ ಹಿತ್ತಲಿನಿಂದ ಒಂದು ಕೊಂಬೆ ಮುರಿದುಕೊಡಿ.

ಬಾಗಿಲ ಬಳಿಯ ಮೇಜಿನ ಮೇಲೆ ಕರ್ಣಕುಂಡಲದ ಬೀಜದ ಪೊಟ್ಟಣಗಳನ್ನಿಟ್ಟಿದ್ದೇನೆ. ಬಲಿತ ಕಾಯಿಗಳು ಮುಟ್ಟಿದರೆ ಸಿಡಿಯುವುದರಿಂದ ಎಲ್ಲವನ್ನೂ ಹಿಡಿಯಲಾಗಲಿಲ್ಲ, ಮನೆಗೊಂದರಂತೆ ಸಾಕಾಗಬಹುದು.