ಸಂತೆಗೆ ಮೊದಲು ಗಿರಣಿ



ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಬೆಂಗಳೂರಿನಲ್ಲಿ ದೊಡ್ಡ ಮೇಳಗಳಾದವು. ನಮ್ಮ ರಾಜ್ಯ ಸರ್ಕಾರ ರೈತಸಿರಿ ಯೋಜನೆಯಲ್ಲಿ ಸಿರಿಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟಿತು. ಇವೆಲ್ಲ ಆಗಬೇಕಾದದ್ದೇ. ಆದರೂ ಸಾಮೆ ಬೆಳೆದ ಊರಿನ ದಿನಸಿ ಅಂಗಡಿಗೆ ಹೋಗಿ ಒಂದು ಸೇರು ಸಾಮೆ ಅಕ್ಕಿ ಕೇಳಿ ನೋಡಿ. ಬಹಳ ಕಡೆ ಸಿಗುವುದಿಲ್ಲ. ಊರಿನ ಧಾನ್ಯ ಊರಿನವರಿಗೇ ಯಾಕೆ ಸಿಗುತ್ತಿಲ್ಲ ಎಂಬ ಪ್ರಶ್ನೆಯಿಂದ ಈ ಸಿರಿಧಾನ್ಯ ಗೋಷ್ಠಿಯ ಚರ್ಚೆ ಶುರುವಾಗಲಿ ಎಂಬುದು ನನ್ನ ಆಶಯ.

ರಾಗಿ, ಜೋಳ, ಸಜ್ಜೆಗಳ ದಾರಿ ಸ್ವಲ್ಪ ಸಲೀಸು. ಕೇರಿದರೆ ಕಾಳು ಸಿದ್ಧ, ಯಾವ ಹಿಟ್ಟಿನ ಗಿರಣಿಗಾದರೂ ಒಯ್ಯಬಹುದು. ಕೇಂದ್ರ ಸರ್ಕಾರದ ಬೆಂಬಲ ಬೆಲೆಯ ಪಟ್ಟಿಯಲ್ಲೂ ಈ ಮೂರು ಇವೆ. ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗುಗಳ ಕಥೆ ಬೇರೆ. ಇವುಗಳ ಮೈಮೇಲೆ ಗಟ್ಟಿ ಸಿಪ್ಪೆ ಇದೆ. ಅದನ್ನು ಹಿಂದೆ ತೆಗೆಯುತ್ತಿದ್ದದ್ದು ಹೆಣ್ಣುಮಕ್ಕಳ ರಟ್ಟೆ. ನಸುಕಿನಲ್ಲೆದ್ದು ಒರಳಿಗೆ ಸುರಿದು ಒನಕೆ ಹಿಡಿದು ಕುಟ್ಟುತ್ತಿದ್ದರು. ನ್ಯಾಯಬೆಲೆ ಅಂಗಡಿಯ ಅಕ್ಕಿ ಮನೆಗೆ ಬಂದ ಮೇಲೆ ಆ ದುಡಿಮೆಯಿಂದ ಅವರಿಗೆ ಬಿಡುಗಡೆಯಾಯಿತು. ಸಿರಿಧಾನ್ಯ ಮರೆಯಾದದ್ದಕ್ಕೆ ಜನರ ನಾಲಿಗೆ ಕೆಟ್ಟಿತೆಂದು ದೂರುವವರು ಈ ಒನಕೆಯ ನೋವನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಒನಕೆ ಮೂಲೆ ಸೇರಿತು, ಅದರ ಜಾಗಕ್ಕೆ ಬರಬೇಕಾದ ಗಿರಣಿ ಬರಲಿಲ್ಲ. ಹಾಗಾಗಿ ರೈತ ಸಿಪ್ಪೆ ಸಮೇತ ಕಾಳನ್ನು ಮಾರುತ್ತಾನೆ. ಅದು ನಾಸಿಕ್‌ನಂಥ ದೂರದ ಊರುಗಳ ಗಿರಣಿಗಳಿಗೆ ಹೋಗಿ, ಅಕ್ಕಿಯಾಗಿ, ಪೊಟ್ಟಣವೇರಿ ಹಲವು ಪಟ್ಟು ಬೆಲೆಗೆ ಮರಳುತ್ತದೆ. ಒಂದು ಕ್ವಿಂಟಲ್ ಕಾಳಿನಿಂದ ಸುಮಾರು 60ರಿಂದ 70 ಕಿಲೋ ಅಕ್ಕಿ ಬರುತ್ತದೆ. ಉಳಿದ ತೌಡು, ಹೊಟ್ಟು ಕೂಡ ಊರಿನ ದನಕರುಗಳಿಗೆ ದಕ್ಕುವುದಿಲ್ಲ.

ವಿಜ್ಞಾನ ಇಲ್ಲಿ ಹಳ್ಳಿಯ ಪರವಾಗಿದೆ. ಸಿಪ್ಪೆಯೊಳಗಿನ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಸಿಪ್ಪೆ ಬಿಚ್ಚಿದ ಕೂಡಲೇ ತೌಡಿನ ಜಿಡ್ಡಿಗೆ ಗಾಳಿ ತಾಗಿ, ಕೆಲವೇ ತಿಂಗಳಲ್ಲಿ ಕಮಟು ವಾಸನೆ ಶುರುವಾಗುತ್ತದೆ. ಬಹುಕಾಲ ಬಾಳಿಸಲು ಹೊರಟ ದೊಡ್ಡ ಗಿರಣಿ ತೌಡನ್ನೇ ಉಜ್ಜಿ ತೆಗೆಯುತ್ತದೆ. ನಾರಿನಂಶ, ಸತ್ವ ಅದರ ಜೊತೆಗೇ ಹೋಗುತ್ತವೆ. ವಾರಕ್ಕೆ ಬೇಕಾದಷ್ಟನ್ನೇ ಬಿಡಿಸಿ ಆ ವಾರದ ಸಂತೆಯಲ್ಲೇ ಮಾರುವ ಊರಿಗೆ ಆ ಹಂಗಿಲ್ಲ. ಸ್ಥಳೀಯ ಮಾರುಕಟ್ಟೆಯ ನಿಜವಾದ ಬಲ ಈ ತಾಜಾತನ. ಅದನ್ನು ನಾವು ಇನ್ನೂ ಬಳಸಿಕೊಂಡಿಲ್ಲ.

ಊರಲ್ಲೇ ಗಿರಣಿ ನಡೆಸುವುದು ಆಗುವ ಮಾತೇ ಎನ್ನುವವರಿಗೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮವನ್ನು ತೋರಿಸುತ್ತೇನೆ. ಅಲ್ಲಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಬೀಜ ಬ್ಯಾಂಕನ್ನೂ ಸಿರಿಧಾನ್ಯ ಸಂಸ್ಕರಣಾ ಘಟಕವನ್ನೂ ನಡೆಸುತ್ತಿದೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ 2025ರ ಈಕ್ವೇಟರ್ ಪ್ರಶಸ್ತಿ ಅವರಿಗೆ ಸಂದಿದೆ. ಬಿತ್ತನೆ ಬೀಜದಿಂದ ಅಕ್ಕಿಯವರೆಗಿನ ಸರಪಳಿ ಒಂದೇ ಊರಿನ ಹೆಣ್ಣುಮಕ್ಕಳ ಕೈಯಲ್ಲಿದೆ.

ಇನ್ನು ದುಡ್ಡಿನ ಮಾತು. ದಲ್ಲಾಳಿಯನ್ನು ಬೈಯುವುದು ಸುಲಭ. ಆದರೆ ಕಣದಲ್ಲೇ ನಗದು ಎಣಿಸಿ ಕೊಡುವವನು ಅವನೊಬ್ಬನೇ. ಸುಗ್ಗಿಯ ಹೊತ್ತಿಗೆ ರೈತನಿಗೆ ಸಾಲ ತೀರಿಸಬೇಕು, ಮಕ್ಕಳ ಶುಲ್ಕ ಕಟ್ಟಬೇಕು. ಊರಿನ ಸಂಘವೇ ನಡೆಸುವ ಸಮುದಾಯ ಮಾರುಕಟ್ಟೆ ಮೂರು ತಿಂಗಳ ಮೇಲೆ ಹಣ ಕೊಡುತ್ತೇನೆಂದರೆ ಎಂಥ ಆದರ್ಶವಾದಿಯೂ ದಲ್ಲಾಳಿಯ ಬಳಿಗೇ ಹೋಗುತ್ತಾನೆ, ಹೋಗಲೇಬೇಕು. ಖರೀದಿಯ ದುಡ್ಡು ಸುಗ್ಗಿಗೆ ಮೊದಲೇ ಸಂಘದ ಕೈಯಲ್ಲಿರಬೇಕು. ಜೊತೆಗೆ ಖಾಯಂ ಗಿರಾಕಿ ಬೇಕು: ಅಂಗನವಾಡಿ, ವಿದ್ಯಾರ್ಥಿನಿಲಯ, ಶಾಲೆಯ ಬಿಸಿಯೂಟ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಅಕ್ಕಿ, ಗೋಧಿಗಳ ಜೊತೆ ಒರಟು ಧಾನ್ಯಗಳಿಗೂ ಜಾಗವಿದೆ.

ಈ ಗೋಷ್ಠಿಯಲ್ಲಿ ಪೋಷಕಾಂಶದ ಪ್ರಬಂಧಗಳು ಬರಲಿ, ಬೇಡವೆನ್ನುವುದಿಲ್ಲ. ಸಂಶೋಧಕ ಮಿತ್ರರೇ, ಜೊತೆಗೆ ಒಂದು ಹೋಬಳಿಗೆ ಎಂಥ ಗಿರಣಿ ಬೇಕು, ಅದರ ಒಡೆತನ ಯಾರದು, ಕಲ್ಲು ಬೇರ್ಪಡಿಸುವ ಯಂತ್ರಕ್ಕೆ, ದಾಸ್ತಾನಿಗೆ, ಮೊದಲ ಸುಗ್ಗಿಯ ಖರೀದಿಗೆ ಎಷ್ಟು ಬಂಡವಾಳ ಬೇಕು ಎಂಬ ಲೆಕ್ಕವನ್ನು ಇಲ್ಲಿರುವ ರೈತರ ಜೊತೆ ಕೂತು ಬರೆಯಿರಿ. ಸಮಾರೋಪದ ದಿನ ಆ ಲೆಕ್ಕದ ಹಾಳೆಯನ್ನು ಅವರ ಕೈಗೆ ಕೊಟ್ಟು ಕಳಿಸಿ.